ಕೆಂಪು ಅಂಕಿ ಓದಬಾರದು

ನಮ್ಮ ಯಜಮಾನರು ಮೂವತ್ತೊಂದು ವರ್ಷ ಊರಿನವರ ನೀರಿನ ಮೀಟರ್ ಓದಿದರು. ಬೆಳಗ್ಗೆ ಏಳೂವರೆಗೆ ಸೈಕಲ್ ಏರಿ ಹೊರಟರೆ ಗೇಟಿನ ಪಕ್ಕದ ಗುಂಡಿಯ ಮುಂದೆ ಬಗ್ಗುವುದು, ಮುಚ್ಚಳ ಎತ್ತುವುದು, ಜೇಡರ ಬಲೆ ಒರೆಸುವುದು, ಅಂಕಿ ಬರೆದುಕೊಳ್ಳುವುದು, ಮುಂದಿನ ಮನೆಗೆ ಹೋಗುವುದು. ಕೆಲಸಕ್ಕೆ ಸೇರಿದ ಮೊದಲ ದಿನ ಅವರ ಮೇಲಿನವರು ಒಂದೇ ಪಾಠ ಹೇಳಿಕೊಟ್ಟರಂತೆ. ಮೀಟರಿನಲ್ಲಿ ಕಪ್ಪು ಅಂಕಿ ಇರುತ್ತವೆ, ಕೆಂಪು ಅಂಕಿ ಇರುತ್ತವೆ. ಕಪ್ಪು ಅಂದರೆ ಪೂರ್ತಿ ಸಾವಿರ ಲೀಟರಿನ ಲೆಕ್ಕ, ಕೆಂಪು ಅಂದರೆ ಅದರ ಚಿಲ್ಲರೆ. ಕಪ್ಪು ಬರೆದುಕೋ, ಕೆಂಪು ಓದಬೇಡ. ಮಿಕ್ಕವರೆಲ್ಲ ಆ ನಿಯಮವನ್ನು ಸಂಜೆ ಕಚೇರಿಯಲ್ಲೇ ಬಿಟ್ಟು ಬರುತ್ತಿದ್ದರು. ಇವರು ಮನೆಗೂ ಹೊತ್ತು ತಂದರು.

ನಮ್ಮ ಮಗಳು ಹುಟ್ಟಿದಾಗ ಎರಡು ಕಿಲೋ ಒಂಬೈನೂರು ಗ್ರಾಂ ಇದ್ದಳು. ಇವರು ಬಂಧುಬಳಗಕ್ಕೆಲ್ಲ ಫೋನ್ ಮಾಡಿ "ಎರಡು ಕಿಲೋ" ಎಂದುಬಿಟ್ಟರು. ಎಲ್ಲರೂ ಗಾಬರಿಬಿದ್ದು, ಮಗು ಬದುಕುವುದೋ ಇಲ್ಲವೋ ಎಂಬ ಮುಖ ಹೊತ್ತು ಆಸ್ಪತ್ರೆಗೆ ಬಂದರು. ದುಂಡಗೆ ಮಲಗಿದ್ದ ಮಗುವನ್ನು ನೋಡಿ ನಮ್ಮತ್ತೆಗೆ ಇದು ನಮ್ಮದೇ ಮಗುವೋ ಅಲ್ಲವೋ ಎಂಬ ಅನುಮಾನ ಬಂತು. ನನಗೆ ಜ್ವರ ನೂರೆರಡೂ ಮುಕ್ಕಾಲು ಇದ್ದರೆ ಡಾಕ್ಟರ ಮುಂದೆ ಇವರು ಹೇಳುವುದು ನೂರೆರಡು. ಬಸ್ಸು ಬಿಡುವುದು ಒಂಬತ್ತು ಐವತ್ತಕ್ಕೆ ಎಂದರೆ ಇವರು ಒಂಬತ್ತಕ್ಕೇ ನನ್ನನ್ನು ಎಳೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿರುತ್ತಾರೆ. ನಮ್ಮ ಬೀದಿಯಲ್ಲಿ ಇವರಿಗೆ ಮೀಟರಪ್ಪ ಎಂದು ಹೆಸರು. ಬೀದಿಯವರಿಗೆ ಅದು ತಮಾಷೆ. ದಿನಾ ಜೊತೆಯಲ್ಲಿ ಏಗುವವಳು ನಾನು.

ನಾನು ಪುಸ್ತಕ ಬೈಂಡಿಂಗ್ ಮಾಡುವವಳು. ನಮ್ಮಪ್ಪನಿಂದ ಕಲಿತ ಕೆಲಸ. ಇವರ ಕಚೇರಿಯ ಹರಿದ ರಿಜಿಸ್ಟರುಗಳು ನಮ್ಮಪ್ಪನ ಅಂಗಡಿಗೇ ಬರುತ್ತಿದ್ದವು, ತರುತ್ತಿದ್ದವರು ಇವರು, ಹೊಲಿಯುತ್ತಿದ್ದವಳು ನಾನು. ನಮ್ಮಿಬ್ಬರ ಕಥೆ ಅಷ್ಟೇ. ಮದುವೆಯಾದ ಮೇಲೆ ಹಿಂದಿನ ಕೋಣೆ ನನ್ನ ಕೆಲಸದ ಕೋಣೆಯಾಯಿತು. ಒಂದು ಕಬ್ಬಿಣದ ಪ್ರೆಸ್, ಕತ್ತರಿಸುವ ಮೇಜು, ರಟ್ಟಿನ ಅಟ್ಟಿ, ಬ್ರಷ್ ತೊಳೆಯಲು ಮೂಲೆಯಲ್ಲಿ ಒಂದು ಸಿಂಕು. ಇಪ್ಪತ್ತಾರು ವರ್ಷದಿಂದ ಶಾಲೆಯವರು, ವಕೀಲರು, ಹಳೆ ಪುಸ್ತಕದ ಮೋಹದವರು ಎಲ್ಲರೂ ಆ ಕೋಣೆಯ ಬಾಗಿಲಿಗೆ ಬಂದಿದ್ದಾರೆ. ಇವರ ಜೇಬಿನ ಪುಸ್ತಕಗಳನ್ನೂ ನಾನೇ ಹೊಲಿದುಕೊಡುವುದು. ಪ್ರತಿ ಪುಟದಲ್ಲಿ ಮೂರು ಕಾಲಂ: ತಾರೀಖು, ಅಂಕಿ, ಷರಾ. ಷರಾ ಕಾಲಂನಲ್ಲಿ "ಸರಿ ಇದೆ", "ಮೀಟರ್ ನಿಂತಿದೆ", "ಸೋರಿಕೆ ಇಲ್ಲ" ಎಂದು ಬರೆಯುವುದು. ತಪ್ಪಾಗಿ ಬರೆದಿದ್ದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಪೂರ್ತಿ ಸಹಿ ಹಾಕಬೇಕು. ಮೂವತ್ತೊಂದು ವರ್ಷದಲ್ಲಿ ತಾವು ಒಂದೇ ಒಂದು ಷರಾಕ್ಕೂ ಗೆರೆ ಎಳೆದಿಲ್ಲ ಎಂದು ಇವರು ಬಂದವರಿಗೆಲ್ಲ ಹೇಳಿಕೊಂಡು ಎದೆಯುಬ್ಬಿಸುತ್ತಿದ್ದರು.

ನಿವೃತ್ತರಾದ ದಿನ ನನ್ನ ತಮ್ಮ ಒಂದು ಉಡುಗೊರೆ ಕೊಟ್ಟ. ಅವನು ಎಲೆಕ್ಟ್ರಿಷಿಯನ್. ಮನೆಯಲ್ಲಿ ಯಾವ ಗಳಿಗೆಯಲ್ಲಿ ಎಷ್ಟು ಕರೆಂಟು ಉರಿಯುತ್ತಿದೆ ಎಂದು ತೋರಿಸುವ ಎನರ್ಜಿ ಮಾನಿಟರು, ಅಂಗೈಯಗಲದ ಪರದೆಯಿರುವ ಪೆಟ್ಟಿಗೆ. ನಡುಮನೆಯ ಸ್ವಿಚ್‌ಬೋರ್ಡಿನ ಪಕ್ಕ ಅದನ್ನು ಕೂರಿಸಿದ್ದೇ ತಡ, ಇವರು ಎದುರಿಗೆ ಕುರ್ಚಿ ಹಾಕಿಕೊಂಡರು. ಆಮೇಲೆ ಕುರ್ಚಿ ಅಲ್ಲಿಂದ ಕದಲಲಿಲ್ಲ.

"ಯಾರದು ಇಸ್ತ್ರಿಪೆಟ್ಟಿಗೆ ಹಾಕಿದ್ದು?"

ಮನೆಯಲ್ಲಿ ಇರುವುದು ಇಬ್ಬರು. ಒಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಇನ್ನು ಯಾರು ಹಾಕಿರುತ್ತಾರೆ?

"ಪಕ್ಕದ್ಮನೆಯವ್ರು ಬಂದು ಹಾಕಿದ್ರು," ಎನ್ನುತ್ತಿದ್ದೆ.

ಈ ಕಾಟ ಒಂದು ವರ್ಷ ನಡೆಯಿತು. ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ತಿಂಗಳಿಗೆ ಹನ್ನೆರಡು ಇರುತ್ತಿದ್ದ ನಮ್ಮ ಮನೆಯ ನೀರು ಇದ್ದಕ್ಕಿದ್ದ ಹಾಗೆ ಇಪ್ಪತ್ತಾರಕ್ಕೆ ಏರಿತು. ಹನ್ನೆರಡು ಸಾವಿರ ಲೀಟರ್ ಇದ್ದದ್ದು ಇಪ್ಪತ್ತಾರು ಸಾವಿರ. ಗೇಟಿನ ಮೀಟರಿನ ಮುಂದೆ ಬಗ್ಗಿ ಎದ್ದವರ ಮುಖ ನೋಡಬೇಕಿತ್ತು. ಊರಿಗೆಲ್ಲ ಮೀಟರ್ ಓದಿದವರ ಸ್ವಂತ ಮನೆಯಲ್ಲೇ ಹೀಗೆ! ನೇರ ನನ್ನ ಕೋಣೆಗೆ ಬಂದು ಸಿಂಕು ನೋಡಿದರು, ನನ್ನ ಬ್ರಷ್ ನೋಡಿದರು, ನನ್ನ ಮುಖ ನೋಡಿದರು.

"ಇಬ್ಬರಿಗೆ ಇಷ್ಟು ನೀರಾ? ಇಡೀ ದಿನ ಇಲ್ಲೇನು ತೊಳೀತಾ ಇರ್ತೀಯ ನೀನು?"

ಆ ಹೊತ್ತಿಗಾಗಲೇ ನಾನು ಎರಡು ತಿಂಗಳಿಂದ ಬಡಿದುಕೊಳ್ಳುತ್ತಿದ್ದೆ. ಸಿಂಕಿನ ಪಕ್ಕದ ಗೋಡೆ ತಣ್ಣಗಿದೆ, ಬಣ್ಣ ಉಬ್ಬಿದೆ, ಕೆಳಗಿಟ್ಟ ರಟ್ಟುಗಳು ಸೊಟ್ಟಗಾಗುತ್ತಿವೆ, ಮಧ್ಯಾಹ್ನ ಬೀದಿ ಸುಮ್ಮನಿರುವಾಗ ಗೋಡೆಗೆ ಕಿವಿಕೊಟ್ಟರೆ ಸುಂಯ್ ಎಂದು ಸಣ್ಣ ಸದ್ದು ಕೇಳುತ್ತದೆ. ನೆಲದಡಿಯ ಪೈಪು ಸೋರುತ್ತಿದೆ ಎಂದು ನಾನು. ಅದು ನಿನ್ನ ಹಿಟ್ಟಿನ ಅಂಟಿನ ಹಸಿ ಎಂದು ಇವರು. ಗೋಡೆಗೆ ಹೇಳಿದ್ದರೆ ಅದಾದರೂ ಕಿವಿಗೊಡುತ್ತಿತ್ತು.

"ಬಂದು ಕಿವಿಯಿಟ್ಟು ಕೇಳ್ರೀ ಒಂದ್ಸಲ."

"ಕಿವೀಲಿ ಕೇಳಿದ್ದೆಲ್ಲ ಲೆಕ್ಕ ಆಗಲ್ಲ ಕಣೇ. ಅಂಕಿ ಬೇಕು, ಅಂಕಿ."

ಅಂಕಿ ಬೇಕು ಎಂದವರು ನನ್ನ ತಮ್ಮನನ್ನು ಕರೆಸಿದರು. ನೀರು ಹರಿದಷ್ಟನ್ನೂ ಎಣಿಸುವ ಸೆನ್ಸರು ಬರುತ್ತದಂತೆ, ಅದನ್ನು ಪೈಪಿಗೆ ಹಾಕಿ ಈ ಪೆಟ್ಟಿಗೆಗೇ ಜೋಡಿಸು ಎಂದರು. ತಾರಸಿಯ ಟ್ಯಾಂಕಿನಿಂದ ಎರಡು ಪೈಪು ಇಳಿಯುತ್ತವೆ. ಒಂದು ಅಡುಗೆಮನೆಗೆ, ಇನ್ನೊಂದು ಬಚ್ಚಲಿಗೂ ನನ್ನ ಕೋಣೆಗೂ. ಸೆನ್ಸರು ಯಾವುದಕ್ಕೆ ಎಂದು ತಮ್ಮ ಕೇಳಿದ. ಇವರು ನನ್ನ ಕಡೆ ಕೈ ತೋರಿಸಿದರು. ಪೈಪಿನ ಕಡೆಗೂ ತೋರಿಸಲಿಲ್ಲ, ನನ್ನ ಕಡೆಗೇ.

ಆ ಬುಧವಾರದ ಅವಾಂತರ ಹೇಳಿ ಸುಖವಿಲ್ಲ. ತಮ್ಮ ತಂದದ್ದು ಬೆರಳುದ್ದದ ವಸ್ತು, ಒಳಗೆ ಪುಟ್ಟ ಚಕ್ರ. ನೀರು ಹರಿದರೆ ಚಕ್ರ ತಿರುಗುತ್ತದೆ, ತಿರುಗಿದಂತೆಲ್ಲ ತಂತಿಯಲ್ಲಿ ಒಂದೊಂದು ತಟ್ಟು ಪೆಟ್ಟಿಗೆಗೆ ಬರುತ್ತದೆ. ದಾರದೆಳೆಯಷ್ಟು ನೀರು ಹರಿದರೂ ತಿರುಗುವಂಥದ್ದನ್ನೇ ಹುಡುಕಿ ತಂದಿದ್ದೇನೆ ಎಂದ. ಪೈಪು ಕೊಯ್ದ, ಕೂರಿಸಿದ, ತಂತಿಯನ್ನು ಪಂಪಿನ ತಂತಿ ಇಳಿಯುವ ಕೊಳವೆಯಲ್ಲೇ ಇಳಿಸಿದ. ಬೇರೆ ದಾರಿಯಲ್ಲಿ ತರುತ್ತೇನೆ ಎಂದು ಅವನು ಅಂದಿದ್ದ, ಹೊಸ ತೂತು ಯಾಕೆ ಎಂದವರು ಇವರು. ಪರೀಕ್ಷೆಗೆಂದು ಮೊದಲು ನಾನು ಎರಡು ಬ್ರಷ್ ತೊಳೆದೆ. ಕರೆಂಟು ಎಣಿಸಲೆಂದೇ ಹುಟ್ಟಿದ ಪೆಟ್ಟಿಗೆ ಅದನ್ನೂ ಕರೆಂಟು ಎಂದುಕೊಂಡು, ಎಂಟು ದಿನ ಇಸ್ತ್ರಿ ಮಾಡಿದಷ್ಟು ಯೂನಿಟ್ಟು ತೋರಿಸಿತು. ಇವರು ಹೌಹಾರಿ ಮೇನ್ ಸ್ವಿಚ್ ಆರಿಸಿಬಿಟ್ಟರು.

"ಭಾವ, ಭಾವ, ತಡೀರಿ! ಅದಕ್ಕೆ ನೀರು ಅಂದ್ರೇನು ಅಂತ ಗೊತ್ತಿಲ್ಲ. ತಟ್ಟು ಎಣಿಸುತ್ತೆ ಅಷ್ಟೆ. ಎಷ್ಟು ತಟ್ಟಿಗೆ ಒಂದು ಅಂತ ನಾವು ಹೇಳಿಕೊಡ್ಬೇಕು."

ಹೇಳಿಕೊಡುವಷ್ಟರಲ್ಲಿ ಪಂಪು ಚಾಲೂ ಆಯಿತು. ಯಾರೂ ನಲ್ಲಿ ಮುಟ್ಟಿಲ್ಲ, ಅಂಕಿ ಮಾತ್ರ ನಾಗಾಲೋಟ. ಮನೆಯೊಳಗೆ ಆನೆಯ ಹಿಂಡಿಗೆ ಸ್ನಾನ ಮಾಡಿಸುತ್ತಿದ್ದೇವೋ ಎಂಬಂತೆ. ಇವರು ನನ್ನನ್ನು ದುರುಗುಟ್ಟಿ ನೋಡಿದರು. ನನ್ನ ಎರಡೂ ಕೈಯಲ್ಲಿ ಕಾಫಿ ಲೋಟವಿತ್ತು. ಪಂಪಿನ ತಂತಿಯ ಪಕ್ಕದಲ್ಲೇ ಬಂದದ್ದರಿಂದ ಸುಳ್ಳು ತಟ್ಟು ಬೀಳುತ್ತಿದೆ ಎಂದು ತಮ್ಮ ಕಂಡುಹಿಡಿದ. ತಂತಿಯನ್ನು ವಾಪಸ್ ಎಳೆದು, ಕಿಟಕಿಯಿಂದ ಒಳಗೆ ತಂದ. ಆ ಕಿಟಕಿ ಈಗಲೂ ಪೂರ್ತಿ ಮುಚ್ಚುವುದಿಲ್ಲ.

ಕೊನೆಯ ಜಗಳ ಲೀಟರಿನದು. "ಲೀಟರಲ್ಲಿ ಇಡ್ತೀನಿ ಭಾವ, ಸುಲಭ," ಎಂದ ತಮ್ಮ.

"ಲೀಟರಲ್ಲಿ ಹಾಲು ಕೊಳ್ಳೋದು ಕಣಯ್ಯಾ. ನೀರಿನ ಮೀಟರು ಅಂದ್ರೆ ಸಾವಿರ ಲೀಟರಿಗೆ ಒಂದು. ನಾನೇನು ಮೊನ್ನೆ ಮೊನ್ನೆ ಕಣ್ಣು ಬಿಟ್ಟವನಾ?"

ತಮ್ಮ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. ಅವನು ಇವರು ಹೇಳಿದಂತೆಯೇ ಮಾಡಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ. ಪರದೆಯ ಮೇಲೆ ಒಂದು ಸೊನ್ನೆ, ಆಮೇಲೆ ಒಂದು ಚುಕ್ಕೆ, ಅದಾದ ಮೇಲೆ ಮೂರು ಅಂಕಿ. ಇವರು ಸ್ವಲ್ಪ ಹೊತ್ತು ನೋಡಿದರು, ತಲೆ ಕೆರೆದುಕೊಂಡರು, ಮೇಜಿನ ಮೇಲಿದ್ದ ಕಪ್ಪು ಟೇಪಿನ ಉರುಳಿಯಿಂದ ಒಂದು ತುಂಡು ಹರಿದು ಚುಕ್ಕೆಯ ನಂತರದ ಮೂರು ಅಂಕಿಗಳ ಮೇಲೆ ನೀಟಾಗಿ ಅಂಟಿಸಿದರು.

"ಯಾಕ್ರೀ?"

"ಚಿಲ್ಲರೆ. ಸುಮ್ನೆ ಕಣ್ಣು ಕೆಡಿಸುತ್ತೆ."

ಆ ಹೊತ್ತಿನಲ್ಲಿ ನನಗೂ ಏನೂ ಹೊಳೆಯಲಿಲ್ಲ, ನಿಜ ಹೇಳುತ್ತೇನೆ. ಇಷ್ಟು ವರ್ಷ ಜೊತೆಗಿದ್ದು ನನ್ನ ಕಣ್ಣಿಗೂ ಚಿಲ್ಲರೆ ಕಾಣದಂತಾಗಿತ್ತು. ಟೇಪು ವಾಲದೆ ನೆಟ್ಟಗೆ ಅಂಟಿದೆಯಲ್ಲ ಎಂದಷ್ಟೇ ನೋಡಿದೆ. ಬೈಂಡಿಂಗಿನವರ ಬುದ್ಧಿ.

ಶನಿವಾರ ಇವರು ತೀರ್ಪಿನ ದಿನ ಗೊತ್ತು ಮಾಡಿದರು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಎಲ್ಲ ನಲ್ಲಿ ಬಂದ್ ಮಾಡಿ, ಮನೆಗೆ ಬೀಗ ಹಾಕಿ, ಮಗಳ ಮನೆಗೆ ಹೋಗುವುದು. ನಾಲ್ಕಕ್ಕೆ ವಾಪಸು. ಅಷ್ಟರಲ್ಲಿ ಅಂಕಿ ಏರಿದ್ದರೆ ಪೈಪು ಸೋರುತ್ತಿದೆ, ನೆಲ ಅಗೆಸುವುದು. ಏರದಿದ್ದರೆ ಸೋರಿಕೆ ಇಲ್ಲ, ನೀರು ಹೋಗುತ್ತಿರುವುದು ನನ್ನ ಕೈಯಿಂದಲೇ. ಹಾಗಾದರೆ ಸಿಂಕು ಕೀಳಿಸುವುದು, ಬೈಂಡಿಂಗ್ ನಿಲ್ಲಿಸುವುದು.

"ನಿಲ್ಲಿಸೋದಾ?"

"ವಯಸ್ಸೂ ಆಯ್ತಲ್ಲ. ಎಷ್ಟು ದಿನ ಅಂತ ಮಾಡ್ತೀಯ?"

ನಾನು ಒಪ್ಪಿದೆ. ಗೋಡೆ ಹಸಿಯಾಗಿರುವುದು ನನ್ನ ಅಂಗೈಗೆ ಗೊತ್ತಿತ್ತು, ಪೈಪಿನ ಸದ್ದು ನನ್ನ ಕಿವಿಗೆ ಗೊತ್ತಿತ್ತು. ಅಂಕಿ ಏರದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಹೊರಡುವ ಮುಂಚೆ ನಾನೇ ಒಂದೊಂದು ನಲ್ಲಿಯನ್ನೂ ಎರಡೆರಡು ಸಲ ತಿರುಗಿಸಿ ನೋಡಿದೆ. ಇವರು ಪೆಟ್ಟಿಗೆಯ ಮುಂದೆ ಕನ್ನಡಕ ಏರಿಸಿ ನಿಂತು, "ಎರಡು," ಎಂದು ಓದಿ ಬರೆದುಕೊಂಡರು.

ಮಗಳ ಮನೆಯಲ್ಲಿ ಇವರು ಚೆನ್ನಾಗಿ ಉಂಡು ಒಂದು ನಿದ್ದೆ ತೆಗೆದರು. ನಾನು ಗಡಿಯಾರ ನೋಡುತ್ತಾ ಕೂತೆ. ನಾಲ್ಕಕ್ಕೆ ಬಂದು ಬೀಗ ತೆಗೆದದ್ದೇ ಚಪ್ಪಲಿ ಕೂಡ ಬಿಡದೆ ಪೆಟ್ಟಿಗೆಯ ಮುಂದೆ ಹೋದೆ. ಎರಡು. ಅದೇ ಎರಡು. ಇವರು ಹಿಂದಿನಿಂದ ಬಂದು ನನ್ನ ಭುಜದ ಮೇಲಿಂದ ಇಣುಕಿ, ಜೇಬಿನ ಪುಸ್ತಕ ತೆಗೆದು ಷರಾ ಕಾಲಂನಲ್ಲಿ ದಪ್ಪಗೆ "ಸೋರಿಕೆ ಇಲ್ಲ" ಎಂದು ಬರೆದರು. ಗೆದ್ದೆ ಎಂದು ಬೀಗಲಿಲ್ಲ. ಬೀಗಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಪಾಪ ಎನ್ನುವ ಹಾಗೆ ನೋಡಿದರು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಕೈಯಿಟ್ಟೆ. ತಣ್ಣಗಿತ್ತು. ಅಂಗೈ ಒದ್ದೆಯಾಯಿತು. ಆದರೂ ಅಂಕಿ ಎರಡೇ. ನನಗೇ ಭ್ರಮೆಯೇನೋ ಎಂದು ಮೊದಲ ಸಲ ಅನ್ನಿಸಿತು. ಕೂತು ಅತ್ತೆ. ಕೋಪಕ್ಕೆ ಅತ್ತೆನೋ ಅವಮಾನಕ್ಕೆ ಅತ್ತೆನೋ, ಅಂತೂ ಮೂಗು ಕೆಂಪಾಗುವಷ್ಟು ಅತ್ತೆ.

ಸೋಮವಾರ ಬೆಳಗ್ಗೆ ಸ್ನಾನ, ಕಾಫಿ ಮುಗಿಸಿ ಸಾಮಾನು ಕಟ್ಟಲು ಶುರು ಮಾಡಿದೆ. ಮಧ್ಯಾಹ್ನ ತಮ್ಮ ಬಂದು ಪ್ರೆಸ್ಸನ್ನು ಬಿಚ್ಚಿಕೊಡಬೇಕಿತ್ತು, ಸಿಂಕು ಕೀಳಬೇಕಿತ್ತು. ಸೂಜಿಗಳನ್ನು ಒಂದು ಡಬ್ಬಿಗೆ, ದಾರದ ಉಂಡೆಗಳನ್ನು ಒಂದು ಚೀಲಕ್ಕೆ ಹಾಕಿದೆ. ಉಳಿದ ಅಂಟನ್ನು ಒಂದು ಡಬ್ಬಿಗೆ ಸುರಿದು ಮುಚ್ಚಳ ಹಾಕಿದರೆ ಅದು ಸಡಿಲ. ಟೇಪಿನ ಉರುಳಿ ಹುಡುಕಿದೆ, ಬರೀ ರಟ್ಟಿನ ಬಳೆ ಉಳಿದಿತ್ತು. ಪೆಟ್ಟಿಗೆಯ ಮೇಲೆ ಒಂದು ತುಂಡು ಇದೆಯಲ್ಲ ಎಂದು ನೆನಪಾಯಿತು. ನಡುಮನೆಗೆ ಹೋಗಿ ಉಗುರು ಹಾಕಿ ಪರ್ರನೆ ಕಿತ್ತೆ.

ಎರಡು, ಚುಕ್ಕೆ, ಒಂಬತ್ತು ನಾಲ್ಕು ಒಂದು.

ಟೇಪು ಬೆರಳಿಗೆ ಅಂಟಿಸಿಕೊಂಡು ತಿರುಗಿದವಳು ಹಾಗೇ ನಿಂತೆ. ಕಣ್ಣಂಚಿನಲ್ಲಿ ಏನೋ ಕದಲಿದಂತಾಯಿತು. ಒಂಬತ್ತು ನಾಲ್ಕು ಎರಡು. ಬಚ್ಚಲಿಗೆ ಹೋಗಿ ನೋಡಿದೆ, ನಲ್ಲಿ ಬಂದ್. ಸಿಂಕಿನ ನಲ್ಲಿ ಒಣಗಿ ಕೂತಿದೆ. ಇವರು ಹೊರಗಿನ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದಾರೆ. ವಾಪಸ್ ಬಂದು ಇವರದೇ ಕುರ್ಚಿಯಲ್ಲಿ ಕೂತೆ. ಮೂರು ನಿಮಿಷಕ್ಕೆ ಒಂದು. ಒಂಬತ್ತು ನಾಲ್ಕು ಮೂರು. ಒಂಬತ್ತು ನಾಲ್ಕು ನಾಲ್ಕು. ಮೂರು ನಿಮಿಷಕ್ಕೊಂದು ಲೀಟರ್ ನೀರು ನನ್ನ ಗೋಡೆಯ ಬುಡಕ್ಕೆ ಹೋಗುತ್ತಿದೆ, ಅದರ ಮೇಲೆ ಇವರು ಟೇಪು ಅಂಟಿಸಿ, ಸೋರಿಕೆ ಇಲ್ಲ ಎಂದು ಬರೆದಿದ್ದಾರೆ! ನನ್ನ ಪಿತ್ತ ನೆತ್ತಿಗೇರಿತು.

"ರೀ! ಬನ್ರೀ ಇಲ್ಲಿ!"

ಕೂಗಿದ ಕೂಗಿಗೆ ಪೇಪರ್ ಕೈಯಲ್ಲೇ ಹಿಡಿದು ಓಡಿಬಂದರು.

"ಏನಾಯ್ತು? ಟೇಪ್ ಯಾಕೆ ಕಿತ್ತೆ?"

"ಓದಿ ಇದನ್ನ."

"ಎರಡು."

"ಪೂರ್ತಿ ಓದಿ."

"ಅದನ್ನ ಓದಬಾರದು ಕಣೇ, ಅದು..."

"ಓದ್ರೀ ಅಂದೆ!"

ಇಷ್ಟು ವರ್ಷದಲ್ಲಿ ನಾನು ಅಷ್ಟು ಜೋರಾಗಿ ಕಿರುಚಿದ್ದು ಅದೇ ಮೊದಲು. ಇವರು ಕನ್ನಡಕ ಸರಿಮಾಡಿಕೊಂಡು, ಒಂದನೇ ತರಗತಿಯ ಮಗುವಿನ ಹಾಗೆ ಬೆರಳಿಟ್ಟು ಓದಿದರು. "ಎರಡು. ಒಂಬೈನೂರ... ನಲವತ್ತ... ನಾಲ್ಕು." ಓದುತ್ತಿರುವಾಗಲೇ ನಾಲ್ಕು ಹೋಗಿ ಐದಾಯಿತು. ಬೆರಳನ್ನು ಹಿಂದಕ್ಕೆ ಎಳೆದುಕೊಂಡರು.

"ನಲ್ಲಿ ಬಿಟ್ಟಿದ್ದೀಯಾ?"

"ಹೋಗಿ ನೋಡಿ."

ಹೋದರು. ಬಚ್ಚಲು ನೋಡಿದರು, ಸಿಂಕು ನೋಡಿದರು. ಬಹಳ ಹೊತ್ತು ಬರಲೇ ಇಲ್ಲ. ನಾನು ಹೋಗಿ ನೋಡಿದರೆ ಕಟ್ಟಿಟ್ಟ ರಟ್ಟಿನ ಅಟ್ಟಿಯ ಪಕ್ಕ ನೆಲದ ಮೇಲೆ ಮಂಡಿಯೂರಿ, ಗೋಡೆಗೆ ಕಿವಿಯಿಟ್ಟು ಕೂತಿದ್ದರು. ಕೆನ್ನೆಗೆ ಸುಣ್ಣ ಮೆತ್ತಿಕೊಂಡಿತ್ತು. ಕಣ್ಣು ಮುಚ್ಚಿದ್ದರು.

ಮಧ್ಯಾಹ್ನ ಸಿಂಕು ಕೀಳಲು ಬಂದ ತಮ್ಮನಿಂದ ನೆಲ ಅಗೆಸಿದ್ದಾಯಿತು. ಒಂದೂವರೆ ಅಡಿ ಕೆಳಗೆ ಪೈಪು ತಿರುಗುವ ಮೂಲೆಯ ಎಲ್ಬೋ ಸೀಳಿತ್ತು, ಸುತ್ತಲ ಮಣ್ಣು ಕೆಸರಾಗಿತ್ತು. ಟೇಪಿನ ಕಥೆ ಕೇಳಿ ತಮ್ಮ ಗುಂಡಿಯೊಳಗೆ ಕೂತೇ ಬಿದ್ದು ಬಿದ್ದು ನಕ್ಕ. "ಭಾವ, ನಾನು ಹುಡುಕಿ ಹುಡುಕಿ ದಾರದೆಳೆ ನೀರನ್ನೂ ಎಣಿಸೋದು ತಂದೆ. ನೀವು ಎಣಿಸಿದ್ದರ ಮೇಲೇ ಟೇಪ್ ಹಾಕಿದ್ರಲ್ಲ!" ಇವರು ಬುಟ್ಟಿಯಲ್ಲಿ ಮಣ್ಣು ತುಂಬಿ ಹೊರಗೆ ಹಾಕುತ್ತಾ ಇದ್ದರು.

ನನ್ನನ್ನು ಕೆರಳಿಸಿದ್ದು ಆಮೇಲಿನ ವಾರ. ತಪ್ಪಾಯಿತು ಎಂಬ ಒಂದು ಮಾತು ಬೇಡವೇ? ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ. ಬದಲಿಗೆ ಹೊಸ ರೋಗ ಹತ್ತಿಸಿಕೊಂಡರು. ಊಟಕ್ಕೆ ಅರ್ಧ ಗಂಟೆ ಆಗುತ್ತದೆ ಎಂದರೆ "ಇಪ್ಪತ್ತೆಂಟು ನಿಮಿಷವಾ, ಮೂವತ್ತೆರಡಾ?" ಎನ್ನುವುದು. ತರಕಾರಿಯವನ ತಕ್ಕಡಿಯ ಮುಂದೆ ಬಗ್ಗಿ ನಿಲ್ಲುವುದು. ಒಂದು ದಿನ ಮಗಳಿಗೆ ಫೋನ್ ಮಾಡಿ, "ನೀನು ಹುಟ್ಟಿದಾಗ ಎರಡು ಕಿಲೋ ಒಂಬೈನೂರು ಗ್ರಾಂ ಇದ್ದೆ ಕಣಮ್ಮಾ, ಹತ್ತಿರ ಹತ್ತಿರ ಮೂರು," ಎಂದು ಹೇಳಿ ಇಟ್ಟುಬಿಟ್ಟರು. ಅಪ್ಪನಿಗೆ ಏನಾಗಿದೆ ಎಂದು ಅವಳು ಗಾಬರಿಯಿಂದ ನನಗೆ ಫೋನ್ ಮಾಡಿದಳು. ಏನೂ ಆಗಿಲ್ಲ, ಎಂದಿನ ಹಾಗೇ ಪ್ರಾಣ ತಿನ್ನುತ್ತಿದ್ದಾರೆ ಎಂದೆ.

ಇನ್ನೊಂದು ದಿನ ಸೈಕಲ್ ತೆಗೆದುಕೊಂಡು ಹೋದವರು ಮಧ್ಯಾಹ್ನ ದಾಟಿದ ಮೇಲೆ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದರೆ, ಹಳೆ ಬೀದಿಯ ಕೊನೆಯ ಮನೆಗೆ ಎಂದರು. ಅಲ್ಲಿನ ಹೆಂಗಸು ಹದಿನೈದು ವರ್ಷದ ಹಿಂದೆ ನೀರು ಎಲ್ಲೋ ಸೋರುತ್ತಿದೆ ನೋಡಿ ಎಂದು ಮೂರು ತಿಂಗಳು ಬೇಡಿಕೊಂಡಿದ್ದರಂತೆ. ಇವರು ಮೂರು ಸಲವೂ "ಸರಿ ಇದೆ" ಎಂದು ಬರೆದಿದ್ದರಂತೆ.

"ಸಿಕ್ಕಿದ್ರಾ?"

"ಇಲ್ಲ. ಮನೆ ಖಾಲಿ ಮಾಡಿ ಎಷ್ಟೋ ವರ್ಷ ಆಯ್ತಂತೆ."

ಕೈಕಾಲು ತೊಳೆಯಲು ಹೋದರು. ಊರಿನವರ ಮನೆಗೆ ಹೋಗಿ ಒಪ್ಪಿಕೊಂಡು ಬರಲು ಸೈಕಲ್ ತುಳಿಯುತ್ತಾರೆ, ಹತ್ತು ಹೆಜ್ಜೆ ದೂರದ ನನ್ನ ಕೋಣೆಗೆ ಬರಲು ಕಾಲಿಲ್ಲ ಎಂದು ಒಳಗೊಳಗೇ ಕುದಿದೆ.

ಕಟ್ಟಿದ್ದ ಸಾಮಾನನ್ನೆಲ್ಲ ನಾನು ಒಬ್ಬಳೇ ಬಿಚ್ಚಿ ಮತ್ತೆ ಜೋಡಿಸಿದೆ. ಗೋಡೆ ಒಣಗತೊಡಗಿತ್ತು. ಗೆರೆ ಹಾಕಲು ಇಟ್ಟುಕೊಂಡ ನನ್ನ ಕೆಂಪು ಶಾಯಿಯ ಪೆನ್ನು ಮಾತ್ರ ಎಲ್ಲೂ ಸಿಗಲಿಲ್ಲ. ಒಂದು ಬೆಳಗ್ಗೆ ಮೇಜಿನ ಮೇಲೆ ಇವರ ಜೇಬಿನ ಪುಸ್ತಕ ಇತ್ತು, ಬೆನ್ನು ಕಿತ್ತುಬಂದಿತ್ತು. ಹೊಲಿದುಕೊಡು ಎಂದು ಬಾಯಿಬಿಟ್ಟು ಕೇಳುವುದೂ ಇಲ್ಲ, ಇಟ್ಟು ಹೋಗುವುದು ಅಷ್ಟೆ. ಗೊಣಗುತ್ತಲೇ ಹಾಳೆಗಳನ್ನು ಬಿಡಿಸಿದೆ. ಪುಟಗಳ ನಡುವೆ ನನ್ನ ಕೆಂಪು ಪೆನ್ನು ಸಿಕ್ಕಿಕೊಂಡಿತ್ತು. ಅದು ಇದ್ದ ಪುಟ ಆ ಭಾನುವಾರದ್ದು.

"ಸೋರಿಕೆ ಇಲ್ಲ" ಎಂಬುದರ ಮೇಲೆ ಅಡಿಕೋಲಿಟ್ಟು ಎಳೆದ ಒಂದು ನೆಟ್ಟಗಿನ ಗೆರೆ. ಪಕ್ಕದಲ್ಲಿ ತಂದೆಯ ಹೆಸರೂ ಸೇರಿದ ಪೂರ್ತಿ ಸಹಿ, ಮದುವೆಯ ರಿಜಿಸ್ಟರಿನಲ್ಲಿ ಹಾಕಿದ್ದರಲ್ಲ, ಅಂಥದ್ದೇ. ಕೆಳಗೆ ಸೋಮವಾರದ ಸಾಲು. ಅಂಕಿಯ ಕಾಲಂನಲ್ಲಿ ಕಪ್ಪು ಶಾಯಿಯಲ್ಲಿ ಎರಡು, ಚುಕ್ಕೆ, ಆಮೇಲೆ ಕೆಂಪು ಶಾಯಿಯಲ್ಲಿ ಒಂಬತ್ತು ನಾಲ್ಕು ಐದು. ಷರಾ ಕಾಲಂನಲ್ಲಿ, ಕಚೇರಿಯ ಅಕ್ಷರದಲ್ಲಿ, ಬರೆದಿದ್ದರು:

"ಮನೆಯವರು ಎರಡು ತಿಂಗಳ ಮೊದಲೇ ಹೇಳಿದ್ದರು. ಕೇಳಲಿಲ್ಲ."

ನಾನು ಮೂಗು ಒರೆಸಿಕೊಂಡು, ಸೂಜಿಗೆ ದಾರ ಪೋಣಿಸಿ, ಆ ಪುಸ್ತಕಕ್ಕೆ ಎರಡೆಳೆ ಹೊಲಿಗೆ ಹಾಕಿದೆ. ಅಂಟಿನ ಬ್ರಷ್ಷನ್ನು ಸಿಂಕಿನಲ್ಲಿ ತೊಳೆಯುತ್ತಿರುವಾಗ ನಡುಮನೆಯ ಕುರ್ಚಿಯಿಂದ ದನಿ ಬಂತು.

"ಚಿಲ್ಲರೇಲಿ ಒಂದು ಲೀಟರ್ ಏರ್ತು!"

"ಆಗ್ಲಿ," ಎಂದು ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.